ಬಿಳಿ ಯಂತ್ರದ ಕುರಿಗಳು

ಟಿಣ್ ಎಂದಿತಲ್ಲ, ಫೋನಿನಲ್ಲಿ ಏಜಾಜನ ಮಾತಿನ ಹಿಂದೆ — ನಾವಿಬ್ಬರೂ ಕೂಡಿ ಗೇಮ್ ಕಟ್ಟುವ ಕರಿ ಯಂತ್ರ ಚಾಲೂ ಆಗುವಾಗ ಗುಂಯ್ ಎನ್ನುತ್ತದೆ, ಟಿಣ್ ಎನ್ನುವುದು ಎದುರಾಳಿ ಕಂಪನಿಯ ಬಿಳಿಯದು, ಅದು ಅವನ ಮನೆಯಲ್ಲಿ ಯಾಕೆ, ನಾನು ಬರಾಕತ್ತೇನಿ ಎಂದ ಕೂಡಲೇ ಇವತ್ತ್ ಬ್ಯಾಡ ಸರಿತಾ ಎಂದನಲ್ಲ, ಯಾಕೆ ಬೇಡ, ಬಸ್ಸು ಬಸವಕಲ್ಯಾಣ ಬಿಟ್ಟು ಬಂಗ್ಲಾ ಕ್ರಾಸ್ ದಾಟಿಯಾಗಿದೆ, ಕಿಟಕಿಯ ಗಾಜು ಗಡಗಡ ಎನ್ನುತ್ತಿದೆ, ನಡುವೆ ಇಳಿದು ಹೊರಳುವವಳಲ್ಲ ನಾನು. ಹೋದ ವರ್ಷ ಎಲ್ಲರೂ ಆ ಕರಿ ಯಂತ್ರಕ್ಕೇ ಗೇಮ್ ಮಾಡುತ್ತಿದ್ದರು, ಕೈಯಲ್ಲಿ ಹಿಡಿದು ಆಡುವುದೆಂದರೆ ಅದೊಂದೇ ಎನ್ನುತ್ತಿದ್ದರು, ಈಗ ಒಬ್ಬೊಬ್ಬರೇ ಬಿಳಿಯದರ ಕಡೆ ಸರಿಯುತ್ತಿದ್ದಾರೆ, ಪುಣೆಯವರು ಹೋದರು, ಹೈದರಾಬಾದಿನವರು ಹೋದರು, ನಾವು ಹೋಗೂದು ಬ್ಯಾಡ, ಕರಿ ಕಂಪನಿಯವ್ರು ನಮ್ಮನ್ನ ನಂಬಿ ಯಂತ್ರ ಕಳಿಸ್ಯಾರ ಎಂದವನು ಇವನೇ — ಅಂದಮೇಲೆ ನನ್ನ ಮೂಲ ಚಿತ್ರಗಳನ್ನೆಲ್ಲ ಯಾಕೆ ಕೇಳಿ ತರಿಸಿಕೊಂಡ, ಸುಮ್ನ ಜೋಪಾನ ಇಡಾಕ ಎಂದನಲ್ಲ, ನಾನೂ ಕಳಿಸಿದೆ, ಆಮೇಲೆ ಅವನಾಗಿ ಒಂದು ಫೋನೂ ಇಲ್ಲ. ಗುಡ್ಡದಲ್ಲಿ ಚದುರಿದ ಕುರಿಗಳನ್ನು ಹೊತ್ತು ಮುಳುಗುವುದರೊಳಗೆ ದೊಡ್ಡಿಗೆ ತರುವ ಹುಡುಗಿಯ ಆಟ ನಮ್ಮದು, ಕೋಡ್ ಅವನದು, ಕುರಿಗಳು ನಮ್ಮ ಮನೆಯವು, ಒಂದೊಂದರ ಕಿವಿ ನೋಡಿ ನೋಡಿ ಚಿತ್ರ ಬರೆದೆ, ಈಗ ನನ್ನ ಹೆಸರನ್ನೇ ಕಿತ್ತು ಆಟವನ್ನು ಬಿಳಿ ಕಂಪನಿಗೆ ಕೊಟ್ಟಿದ್ದರೆ, ಇಬ್ಬರೂ ಕಾಲೇಜಿನಿಂದ ಕೂಡಿ ಬಂದವರು, ಅಷ್ಟು ಮಾಡಿಯಾನೇ, ಮಾಡದಿದ್ದರೆ ಬೇಡ ಎಂದದ್ದು ಯಾಕೆ.

ಹುಮನಾಬಾದಿನಲ್ಲಿ ಇಳಿದದ್ದೇ ಘಾಟು ಮೂಗಿಗೆ ಬಡಿಯುತ್ತದೆ, ಔಷಧ ಕಾರ್ಖಾನೆಗಳದು, ಏಜಾಜನ ಮನೆಯ ಬಾಗಿಲು ತೆರೆದವಳು ಅವನ ತಂಗಿ ಅತಿಯಾ, ಬರ್ರಿ ಆಪಾ ಎನ್ನುತ್ತ ಒಳಗೆ ಅಣ್ಣನ ಕಡೆ ನೋಡಿದಳು, ಆ ನೋಟ ಸಾಕು ನನಗೆ. ಮೇಜಿನ ಮೇಲೆ ಬಿಳಿ ಯಂತ್ರ, ಮುಚ್ಚಿಡಲೂ ಇಲ್ಲ, ಏಜಾಜ್ ಎದ್ದು ನಿಂತು ತಡವರಿಸುತ್ತಾನೆ, ಕರಿ ಯಂತ್ರ ಮುಂದಿನ ವರ್ಷ ಬರೂದೇ ಇಲ್ಲಂತ, ಕಂಪನಿಯವರೇ ಹೇಳಿದರಂತೆ, ಆಟ ಸಾಯಬಾರ್ದು ಅಂತ ಇದಕ್ಕ ಹೊಂದಿಸಾಕತ್ತಿದ್ದೆ, ಮುಗಿದ ಮ್ಯಾಲ ತೋರಿಸಬೇಕಂತ ಇದ್ದೆ — ಸುಳ್ಳು, ಎಂದುಕೊಂಡು ಆಟ ಮಾಡಿದವರ ಹೆಸರುಗಳ ಪುಟ ತೆರೆದೆ, ಸರಿತಾ ಎಂದು ಮೊದಲು, ಏಜಾಜ್ ಎಂದು ಕೆಳಗೆ. ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಬೈಗುಳಕ್ಕೆಲ್ಲ ನಾಚಿಕೆಯಾಯಿತು, ನಾಚಿಕೆ ಮುಚ್ಚಿಕೊಳ್ಳಲು ಆಟ ಶುರು ಮಾಡಿದೆ, ಗುಡ್ಡ ಬಂತು, ಇಳಿಬಿಸಿಲು ಮೊದಲಿಗಿಂತ ಚೆಂದ, ಹುಡುಗಿ ಕೈ ಬಾಯಿಗಿಟ್ಟು ಕೂಗಿದಳು — ಯಾರದು ಈ ದನಿ, ಇಲ್ಲಿ ಇರಬೇಕಾದದ್ದು ನಮ್ಮವ್ವ ಸುಮನಬಾಯಿಯ ಕೂಗಲ್ಲವೇ, ಹಳ್ಳಿಖೇಡದ ಬಯಲಲ್ಲಿ ನಿಲ್ಲಿಸಿ ನಾನೇ ರೆಕಾರ್ಡ್ ಮಾಡಿದ್ದು, ಅವಳು ತೀರಿಹೋಗುವುದಕ್ಕೆ ಮುಂಚಿನ ಸುಗ್ಗಿಯಲ್ಲಿ, ಅವ್ವನ ದನಿ ಅಂತ ಭೂಮಿಯ ಮೇಲೆ ಉಳಿದದ್ದು ಅದೊಂದೇ, ಅದನ್ನು ತೆಗೆದುಹಾಕಿದ್ದಾನೆ. ಗಾಳಿ ಸಪ್ಪಳ ಭಾಳ ಐತಿ, ಬದಲಿಸ್ರಿ ಅಂದ್ರು ಬಿಳಿ ಕಂಪನಿಯವ್ರು, ಎಂದ ನೆಲ ನೋಡುತ್ತ.

"ನನಗ ಒಂದ್ ಮಾತ್ ಕೇಳಬೇಕಿತ್ತು."

"ಕೇಳಿದ್ರ ನೀ ಬ್ಯಾಡ ಅಂತಿದ್ದಿ."

"ಅದಕ್ಕ ಕೇಳಬೇಕಿತ್ತು. ಅವ್ವನ ದನಿ ಹೊಳ್ಳಿ ಹಾಕು, ಇಲ್ಲಾಂದ್ರ ನನ್ನ ಹೆಸರು ತಗಿ."

ಅತಿಯಾ ತಂದಿಟ್ಟ ಛಾ ಆರುತ್ತಿದೆ, ನನ್ನ ಹೆಬ್ಬೆರಳು ತಾನೇ ಮತ್ತೆ ಗುಂಡಿ ಒತ್ತುತ್ತದೆ, ಯಾರೋ ಹೆಂಗಸು ಕೂಗುತ್ತಾಳೆ, ಗುಡ್ಡದ ತುಂಬ ನಮ್ಮ ಕುರಿಗಳು ಕತ್ತೆತ್ತುತ್ತವೆ, ಗುರುತಿಲ್ಲದ ದನಿಯ ಕಡೆ ಓಡಿ ಬರುತ್ತವೆ, ಮತ್ತೆ ಒತ್ತುತ್ತೇನೆ, ಕತ್ತೆತ್ತುತ್ತವೆ, ಓಡಿ ಬರುತ್ತವೆ, ಒಂದಾದರೂ ನಿಂತು ಯೋಚಿಸುವುದಿಲ್ಲ, ಕತ್ತೆತ್ತುತ್ತವೆ —