ಅಕ್ಕನ ಮಹಡಿಯ ಸಿಗ್ನಲ್

ನನಗೂ ಅಕ್ಕನಿಗೂ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಅವಳು ನಾಲ್ಕು ಜನರ ಮುಂದೆ, "ಇವಳದು ತಂತಿ ಎಳೆಯೋ ಕೆಲಸ" ಎಂದಿದ್ದಳು. ನಾನು ಮಾಡುವುದು ತಂತಿಯೇ ಇಲ್ಲದ ಕೆಲಸ! ಒಂದು ಮಹಡಿಯ ಆಂಟೆನಾದಿಂದ ಇನ್ನೊಂದು ಮಹಡಿಗೆ ಗಾಳಿಯಲ್ಲೇ ಇಂಟರ್ನೆಟ್ ದಾಟಿಸುತ್ತೇನೆ. "ಊರವರ ಕೊಳೆ ತೊಳೆಯೋದಕ್ಕಿಂತ ವಾಸಿ" ಎಂದು ನಾನೂ ಅಂದುಬಿಟ್ಟೆ. ಅಕ್ಕನದು ಲಾಂಡ್ರಿ. ನಾನಾಗಿ ಹೋಗಿ ಮಾತಾಡಿಸುವುದಿಲ್ಲವೆಂದು ಅಂದೇ ಶಪಥ ಮಾಡಿದೆ. ಅವಳಿಲ್ಲದ ಭಾನುವಾರಗಳು ಕಳೆಯುತ್ತಲೇ ಇರಲಿಲ್ಲ ಎಂಬುದು ಬೇರೆ ಮಾತು.

ಪೇಚೆಂದರೆ, ಅವಳ ಬೀದಿಗೆಲ್ಲ ಇಂಟರ್ನೆಟ್ ಕೊಡುವ ಆಂಟೆನಾ ಅವಳ ಲಾಂಡ್ರಿಯ ಮಹಡಿಯ ಮೇಲೆಯೇ ಇತ್ತು. ಜಗಳಕ್ಕೆ ಮುಂಚೆ ನಾನೇ ಕೂರಿಸಿದ್ದು. ಜಗಳದ ಮರುತಿಂಗಳಿಂದ ಅದಕ್ಕೆ ಏನು ಬಡಿಯಿತೋ, ದಿನಾ ಹನ್ನೊಂದಕ್ಕೆ ಸಿಗ್ನಲ್ ಬೀಳುವುದು, ಮೂರಕ್ಕೆ ತಾನೇ ಏಳುವುದು. ಲಾಂಡ್ರಿಯ ಪಕ್ಕದ ಹಲ್ಲಿನ ಡಾಕ್ಟರಮ್ಮ ಫೋನಿನಲ್ಲಿ ನನ್ನ ಪ್ರಾಣ ತಿನ್ನತೊಡಗಿದರು.

ನಾನು ಜಗ್ಗುವವಳೇ? ಸಿಗ್ನಲ್ ಎಳೆಯಷ್ಟು ಉಳಿದಿದ್ದರೂ ಸಾಕು, ಆಫೀಸಿನಲ್ಲಿ ಕುಳಿತೇ ಆ ಕಡೆಯ ಆಂಟೆನಾದೊಳಗಿನ ರೇಡಿಯೊದ ಸೆಟ್ಟಿಂಗ್ ಬದಲಿಸಬಲ್ಲೆ. ಬೇರೆ ಯಾರೋ ಅದೇ ಚಾನೆಲ್‌ನಲ್ಲಿ ಗಲಾಟೆ ಎಬ್ಬಿಸುತ್ತಿರಬೇಕೆಂದು ಫ್ರೀಕ್ವೆನ್ಸಿ ಬದಲಿಸಿದೆ. ಪ್ರಯೋಜನವಾಗಲಿಲ್ಲ. ಪವರನ್ನು ಹದಿನೈದರಿಂದ ಹದಿನೆಂಟಕ್ಕೆ ಏರಿಸಿದೆ, ಸರಿಹೋಯಿತು. ಎರಡು ತಿಂಗಳಿಗೆ ಮತ್ತೆ ಬಿತ್ತು. ಇಪ್ಪತ್ತೊಂದು ಮಾಡಿದೆ. ಆ ಮೆಟ್ಟಿಲು ಹತ್ತದೆಯೇ ಕೆಲಸ ಸಾಗಿಸಿದೆನೆಂದು ಒಳಗೊಳಗೇ ಬೀಗಿದೆ.

ಮೊನ್ನೆ ಹನ್ನೊಂದೂಕಾಲಿಗೆ ಮತ್ತೆ ಡಾಕ್ಟರಮ್ಮ. "ಪೇಷೆಂಟು ಬಾಯಿ ತೆರ್ಕೊಂಡು ಕೂತಿದಾರೆ, ಎಕ್ಸ್‌ರೇ ಬರ್ತಿಲ್ಲ! ಅವರು ಬಾಯಿ ಮುಚ್ಚೋ ಹಾಗಿಲ್ಲ, ನಾನಂತೂ ಮುಚ್ಚಲ್ಲ!"

ಸಿಟ್ಟು ನೆತ್ತಿಗೇರಿತು. ಇಪ್ಪತ್ನಾಲ್ಕು ಹೊಡೆಯಲು ಹೋಗಿ, ಎರಡು ಒತ್ತಿ, ನಾಲ್ಕು ಒತ್ತುವ ಮುಂಚೆಯೇ ಸೇವ್ ಮಾಡಿಬಿಟ್ಟೆ. ಪವರ್ ಬರೀ ಎರಡು! ಆ ಕಡೆಯ ರೇಡಿಯೊ ಪಿಸುಗುಟ್ಟುತ್ತಿತ್ತೋ ಏನೋ, ಈ ಕಡೆಗೆ ಒಂದಕ್ಷರವೂ ಕೇಳಿಸಲಿಲ್ಲ. ಇನ್ನು ಕೂತಲ್ಲಿಂದ ಏನೂ ಮಾಡುವಂತಿಲ್ಲ, ಯಾರಾದರೂ ಅಲ್ಲಿಗೇ ಹೋಗಿ ಆಂಟೆನಾಗೆ ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಿ ಸರಿಮಾಡಬೇಕು. ನಮ್ಮ ಆಫೀಸಿನಲ್ಲಿ ಆ ಯಾರಾದರೂ ಎಂದರೆ ನಾನೊಬ್ಬಳೇ.

ಅಕ್ಕ ಇಸ್ತ್ರಿ ಮಾಡುತ್ತಿದ್ದಳು. ನನ್ನನ್ನು ನೋಡಿ ಇಸ್ತ್ರಿಪೆಟ್ಟಿಗೆ ಎತ್ತಿಟ್ಟಳೇ ಹೊರತು ಮಾತಾಡಲಿಲ್ಲ. ನಾನೂ ಬಿಗುಮಾನ ಬಿಡದೆ ಧಡಧಡ ಮೆಟ್ಟಿಲು ಹತ್ತಿದೆ.

ಮಹಡಿಯ ಮೇಲೆ ಐದು ಹಗ್ಗ. ನಾಲ್ಕು ಖಾಲಿ. ಐದನೆಯದರಲ್ಲಿ, ಆಂಟೆನಾದ ಮೂತಿಗೆ ಸರಿಯಾಗಿ, ಮೂರು ಮಡಿಕೆಯ ದಪ್ಪ ರಗ್ಗು ತೊಟತೊಟ ನೀರು ಸುರಿಸುತ್ತಿತ್ತು. ಒದ್ದೆ ಬಟ್ಟೆ ಸಿಗ್ನಲ್ ನುಂಗುತ್ತದೆಂಬುದು ನಮ್ಮ ಕೆಲಸದ ಮೊದಲ ಪಾಠ.

ಹಿಂದೆಯೇ ಬಂದಿದ್ದಳು ಅಕ್ಕ.

"ಯಾರದು ಈ ರಗ್ಗು?" ಕೇಳಿದೆ.

"ನಂದೇ."

"ದಿನಾ ಒಗೀತೀಯಾ?"

"ಒಗೀತೀನಿ." ರಗ್ಗಿನ ಮಡಿಕೆ ಸರಿಮಾಡಿದಳು. "ಮೊದಲನೇ ಸಲ ಗೊತ್ತಿಲ್ದೇ ಒಂದು ಚಾದರ ಹಾಕಿದ್ದೆ. ನೆಟ್ ಹೋಯ್ತು. ನಿನ್ನ ತಂಗಿನೇ ಬಂದು ನೋಡ್ಬೇಕು ಅಂದ್ರು ಡಾಕ್ಟರಮ್ಮ. ತಲೆ ಬಾಚ್ಕೊಂಡು ಸಾಯಂಕಾಲದವರೆಗೂ ಕಾದೆ. ನೀನು ಬರಲಿಲ್ಲ. ದಿನಾ ಹಾಕಿದೆ. ಕೊನೆಗೆ ನೆಟ್ ತಾನೇ ಸರಿಹೋಯ್ತು. ರಗ್ಗು ಹಾಕಿದೆ, ಅದಕ್ಕೂ ಸರಿಹೋಯ್ತು. ಮಡಿಸಿ ಹಾಕಿದೆ. ನೀನೇನು ಮಾಡ್ತಿದ್ಯೇ ಅಲ್ಲಿ ಕೂತ್ಕೊಂಡು?"

ಅವಳು ಕರೆದಷ್ಟೂ ಸಲ ನಾನು ಪವರ್ ಏರಿಸಿ ಬಾಯಿ ಮುಚ್ಚಿಸಿದ್ದೆ. ನಾಚಿಕೆಯಾಯಿತು, ಅಳುವೂ ಬಂತು. ಬಗ್ಗಿ ಕೇಬಲ್ ಸಿಕ್ಕಿಸಿದೆ. ಪವರನ್ನು ಹದಿನೈದಕ್ಕೆ ಇಟ್ಟು ರಗ್ಗನ್ನು ಹಗ್ಗದಿಂದ ಎಳೆದೆ. ಸಿಗ್ನಲ್ ಭರ್ತಿಯಾಯಿತು.

"ಕೈತಪ್ಪಿ ಒಂದು ಅಂಕಿ ಬಿಟ್ಟೆ ಅಂತ ಬಂದೆ ಅಕ್ಕಾ," ಅಂದೆ. "ಇಲ್ಲದಿದ್ರೆ ಇವತ್ತೂ ಬರ್ತಿರಲಿಲ್ಲ."

ಅಕ್ಕ ರಗ್ಗಿನ ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು.

"ಗೊತ್ತಿತ್ತು ಬಿಡು," ಅಂದಳು. "ನಾಳೆ ಹಾಸಿಗೇನೇ ನೆನೆಸೋಣ ಅಂತಿದ್ದೆ."