ಮೊಟ್ಟೆ ಅಣಬೆಯ ಅಂಚು

"ಅಕ್ಕಿ ಕಪ್ಪಾಗಿದ್ಯೇನೇ? ಸ್ವಲ್ಪ ಬಗ್ಗಿ ನೋಡು," ಎಂದಳು ಅತ್ತೆ ಲಮ್ದುವನ್.

ಮಣಿವನ್‌ಗೆ ಗುಮಾನಿ ಹತ್ತಿದ್ದು ಆಗಲೇ. ಮೆಕಾಂಗ್ ನದಿಯ ಆಚೆ ದಡದ ಲಾವೋಸಿನಿಂದ ಈ ಮನೆಗೆ ಸೊಸೆಯಾಗಿ ಬಂದು ಐದು ಮಳೆಗಾಲ ಕಳೆದಿತ್ತು. ಅಷ್ಟು ದಿನದಲ್ಲಿ ಅತ್ತೆ ಒಂದು ಸಲವೂ ಅಣಬೆ ಬೇಯುವ ಮಡಕೆಯ ಹತ್ತಿರ ಅವಳನ್ನು ಬಿಟ್ಟುಕೊಂಡವಳಲ್ಲ. ಅಣಬೆ ಏಳುವ ಜಾಗವನ್ನಂತೂ ಹೊಟ್ಟೆಯಲ್ಲಿ ಹುಟ್ಟಿದ ಮಗ ಪ್ರಯೂನ್‌ಗೂ ಹೇಳಿರಲಿಲ್ಲ. ಆ ಊರಿನಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ಸಾಯುವ ಕಾಲಕ್ಕೆ ಒಬ್ಬರ ಕಿವಿಯಲ್ಲಿ ಉಸುರಿ ಹೋಗುತ್ತಾರೆ, ಅಷ್ಟೆ. ಅಂಥವಳು ಇವತ್ತು ತಾನಾಗಿ ಕರೆದು ಮಡಕೆ ನೋಡು ಅನ್ನುತ್ತಿದ್ದಾಳೆ.

ಅಕ್ಕಿ ಬೆಳ್ಳಗೇ ಇತ್ತು. ವಿಷದ ಅಣಬೆಯಾದರೆ ಜೊತೆಗೆ ಹಾಕಿದ ಅಕ್ಕಿ ಕಪ್ಪಾಗುತ್ತದೆ ಎಂದು ಊರಿನ ನಂಬಿಕೆ. ಹೋದ ವರ್ಷ ಪಕ್ಕದ ಊರಿನಲ್ಲಿ ಅಕ್ಕಿ ಬೆಳ್ಳಗಿದ್ದ ಸಾರನ್ನೇ ಉಂಡು ಮೂವರು ಸತ್ತರು. ಅಕ್ಕಿಯೇ ಹಳೆಯದಾಗಿತ್ತು ಎಂದು ಹೇಳಿ ಜನ ಕೈತೊಳೆದುಕೊಂಡರು.

"ಬೆಳ್ಳಗಿದೆ ಅತ್ತೆ."

"ಮತ್ತೇನು? ಮಗೂಗೆ ಬಡಿಸು."

ನಾಲ್ಕು ವರ್ಷದ ಮಗಳು ಕೇವ್ ಚಾಪೆಯ ಮೇಲೆ ಕೂತು, ಅಂಟು ಅನ್ನದ ಉಂಡೆ ಹಿಡಿದು ಸಾರಿಗೆ ಕಾಯುತ್ತಿದ್ದಳು. "ಇರು ಪುಟ್ಟಿ," ಎಂದು ಮಣಿವನ್ ಬುಟ್ಟಿಯಲ್ಲಿ ಉಳಿದ ಅಣಬೆಗಳನ್ನು ಬೆಳಕಿಗೆ ಹಿಡಿದಳು. ಬಿಳಿ ಟೊಪ್ಪಿ, ಬುಡದಲ್ಲಿ ಒಡೆದ ಮೊಟ್ಟೆಯ ಸಿಪ್ಪೆಯಂಥ ಚೀಲ. ನೋಡಿದರೆ ಊರೆಲ್ಲ ಬಾಯಿ ಚಪ್ಪರಿಸುವ ಮೊಟ್ಟೆ ಅಣಬೆಯೇ. ಆದರೆ ಅವಳ ತಾಯಿ ಅಕ್ಕಿಯನ್ನು ನಂಬಿದವಳಲ್ಲ. ತಿನ್ನುವ ಅಣಬೆಗೆ ಟೊಪ್ಪಿಯ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಇರಬೇಕು, ಕಾಂಡ ಟೊಳ್ಳಾಗಿರಬೇಕು ಎಂದು ಕಲಿಸಿದ್ದಳು.

ಮೊದಲನೆಯದರಲ್ಲಿ ಗೆರೆ ಇತ್ತು. ಎರಡನೆಯದರ ಅಂಚು ನುಣ್ಣಗಿತ್ತು. ಕಾಂಡ ಸೀಳಿದಳು. ಒಳಗೆಲ್ಲ ಗಟ್ಟಿ.

ನಲವತ್ತು ವರ್ಷ ಅಣಬೆ ಆರಿಸಿದ ಅತ್ತೆಗೆ ಇದು ಗೊತ್ತಾಗದೆ ಇರುತ್ತದೆಯೇ? ಚಳಿಗಾಲದಿಂದ ಅತ್ತೆ ತನ್ನ ಮುಖ ನೋಡಿ ಮಾತಾಡಿದ್ದಿಲ್ಲ. ಎದುರಿಗೆ ನಿಂತು ನಕ್ಕರೆ ನಗುವುದಿಲ್ಲ, ಕಂಡೂ ಕಾಣದವಳ ಹಾಗೆ ಸರಿದು ಹೋಗುತ್ತಾಳೆ. ಸೊಸೆಯ ಮೇಲಿನ ಸಿಟ್ಟು ಮೊಮ್ಮಗಳ ತಟ್ಟೆಯವರೆಗೂ ಬಂತೇ? ಹಾಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಯೋಚನೆ ಬಿಟ್ಟು ಹೋಗಲಿಲ್ಲ.

"ಅತ್ತೆ, ಈ ಸಾರು ಬೇಡ."

"ಯಾಕೆ?"

"ಇದರಲ್ಲಿ ಕೆಟ್ಟದ್ದು ಸೇರಿದೆ."

"ಆಚೆ ದಡದಿಂದ ಬಂದೋಳು ನನಗೆ ಅಣಬೆ ಪಾಠ ಹೇಳ್ತಾಳೆ. ಇಷ್ಟು ದಿನ ನಾನು ಹಾಕಿದ್ದು ತಿಂದು ಯಾರು ಸತ್ತಿದಾರೆ? ಕೊಡಿಲ್ಲಿ, ನಾನೇ ಮೊದಲು ಉಣ್ತೀನಿ."

ಮುದುಕಿ ಸೌಟಿಗೆ ಕೈಚಾಚಿದಳು. ಕೈ ಸೌಟಿನಿಂದ ಒಂದು ಗೇಣು ಆಚೆ ಬರೀ ಗಾಳಿಯನ್ನು ಹಿಡಿಯಿತು, ಮತ್ತೆ ತಡಕಿತು, ಮಡಕೆಯ ಬಿಸಿ ತಾಗಿ ಹಿಂದೆ ಬಂತು.

ಅತ್ತೆಗೆ ಕಣ್ಣು ಕಾಣುತ್ತಿಲ್ಲ ಎಂದು ಮಣಿವನ್‌ಗೆ ಹೊಳೆಯಿತು. ಚಳಿಗಾಲದಿಂದ ಎದೆಯಲ್ಲಿ ಕೂಡಿಟ್ಟಿದ್ದ ಸಿಟ್ಟೆಲ್ಲ ಒಂದೇ ಸಲ ಕರಗಿತು. ನುಣುಪು ಅಂಚಿನ ಅಣಬೆಯನ್ನು ಅತ್ತೆಯ ಅಂಗೈಯಲ್ಲಿಟ್ಟಳು.

"ಅಂಚು ಮುಟ್ಟಿ ನೋಡಿ."

ಹೆಬ್ಬೆರಳು ಟೊಪ್ಪಿಯ ಸುತ್ತ ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ನಿಧಾನವಾಗಿ ಹೋಯಿತು.

"ಆ ಜಾಗದಲ್ಲಿ ಬೇರೆ ಅಣಬೆ ಎದ್ದಿದ್ದೇ ಇಲ್ಲ ಕಣೇ," ಎಂದಳು ಮುದುಕಿ. "ಅದಕ್ಕೇ ಮುಟ್ಟಿ ನೋಡ್ಲಿಲ್ಲ." ಅಣಬೆಯನ್ನು ಮಡಿಲಿಗೆ ಇಳಿಸಿ ಕೇಳಿದಳು, "ಮಗು ತಿಂತಾ?"

"ಇಲ್ಲ."

"ಪ್ರಯೂನ್‌ಗೆ ಹೇಳ್ಬೇಡ. ಕಣ್ಣಿನ ವಿಷ್ಯ ಗೊತ್ತಾದ್ರೆ ನಾಳೆಯಿಂದ ನನ್ನ ಹೊಸ್ತಿಲು ದಾಟೋಕೆ ಬಿಡಲ್ಲ."

ಮಣಿವನ್ ಹಿತ್ತಲಿನಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ಸಾರು, ಅಕ್ಕಿ, ಬುಟ್ಟಿಯ ಅಣಬೆ ಎಲ್ಲವನ್ನೂ ಸುರಿದು ಮಣ್ಣು ಮುಚ್ಚಿದಳು. ಒಳಗೆ ಬಂದು ಕೈ ತೊಳೆದು ಮಗಳಿಗೆ ಒಣಮೀನು ಸುಟ್ಟುಕೊಟ್ಟಳು. ಅತ್ತೆ ಕೂತಲ್ಲೇ ಕೂತಿದ್ದಳು.

"ಬಾರೇ ಇಲ್ಲಿ. ಹತ್ರ ಬಾ."

ಅವಳು ಹೋಗಿ ಪಕ್ಕದಲ್ಲಿ ಕೂತಳು. ಅತ್ತೆ ಅವಳ ಭುಜ ಹುಡುಕಿ ಹಿಡಿದು, ಬಾಯಿಯನ್ನು ಕಿವಿಗೆ ತಂದಳು.

"ವಿಹಾರದ ಹಿಂದೆ ಕಾಲುದಾರಿ ಇದೆಯಲ್ಲ, ಹುತ್ತ ದಾಟಿದ ಮೇಲೆ..."

"ಈಗಲೇ ಯಾಕೆ ಅತ್ತೆ? ನೀವಿನ್ನೂ ಗಟ್ಟಿಯಾಗಿದೀರಿ. ಬೇಡ."

"ಸುಮ್ನೆ ಕೇಳು. ಹುತ್ತ ದಾಟಿದ ಮೇಲೆ ಎಡಕ್ಕೆ, ಮೂರು ಮರ ಎಣಿಸ್ಬೇಕು."

ಮಣಿವನ್ ಕೇಳುತ್ತಾ ಕೂತಳು. ಅತ್ತೆಯ ಮಡಿಲಲ್ಲಿ ಅದೇ ಅಣಬೆ ಇತ್ತು. ಅದೊಂದನ್ನು ಗುಂಡಿಗೆ ಹಾಕುವುದು ಮರೆತಿತ್ತು. ಮಾತು ಮೂರನೆಯ ಮರಕ್ಕೆ ಬಂದರೂ ಹೆಬ್ಬೆರಳು ಇನ್ನೂ ಅದರ ಅಂಚಿನ ಸುತ್ತ ಗೆರೆ ಹುಡುಕುತ್ತಿತ್ತು.