ಒಂದೇ ಮನೆಯ ಎರಡು ನೋವು

ನವಲಿಯ ಯಂಕವ್ವನಿಗೂ ಸೊಸೆ ರಂಜಿತಾಳಿಗೂ ಕೀಲುನೋವು. ಇಬ್ಬರದೂ ಒಂದೇ ಕಾಯಿಲೆ ಎಂದು ಮನೆಯವರು ತಿಳಿದಿದ್ದರು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಗೋವಿಂದರಾಜ ತಾಯಿಗೂ ಹೆಂಡತಿಗೂ ಸೇರಿಸಿ ಒಂದೇ ಬಗೆಯ ಗುಳಿಗೆ, ಒಂದೇ ಎಣ್ಣೆ ತಂದುಕೊಡುತ್ತಿದ್ದ.

ನೋವಿನ ಹೊತ್ತು ಮಾತ್ರ ಬೇರೆ ಬೇರೆ. ಬೆಳಗ್ಗೆ ಏಳುವಾಗ ರಂಜಿತಾಳ ಬೆರಳುಗಳು ಮಡಚುತ್ತಿರಲಿಲ್ಲ. ಹೊತ್ತೇರಿದಂತೆ ಸಡಿಲಾಗಿ, ಮಧ್ಯಾಹ್ನ ರಾಶಿ ಬಟ್ಟೆ ಒಗೆಯುತ್ತಿದ್ದಳು. ಯಂಕವ್ವ ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಎಮ್ಮೆ ಹಿಂಡಿ, ದಿನವೆಲ್ಲ ಓಡಾಡಿ, ಸಂಜೆ ಮೊಣಕಾಲು ಹಿಡಿದು ಕೂತುಬಿಡುತ್ತಿದ್ದಳು.

"ರೊಟ್ಟಿ ಬಡಿಯೋ ಹೊತ್ತಿಗೇ ಬರ್ತೈತಿ ನೋಡು ನಿನ್ನ ನೋವು," ಎನ್ನುವಳು ಅತ್ತೆ.

"ನಿಮ್ಮದೂ ಭಾಂಡೆ ತಿಕ್ಕೋ ಹೊತ್ತಿಗೇ ಬರ್ತೈತಲ್ರಿ ಅತ್ತಿ," ಎನ್ನುವಳು ಸೊಸೆ.

ಒಂದು ಬೆಳಗ್ಗೆ ರಂಜಿತಾಳ ಕೈಯಿಂದ ಹಾಲಿನ ಪಾತ್ರೆ ಜಾರಿತು. ಬೈಯಲು ಬಂದ ಯಂಕವ್ವ ಅವಳ ಕೈ ನೋಡಿ ನಿಂತಳು. ಗೆಣ್ಣುಗಳು ಊದಿದ್ದವು, ಮುಟ್ಟಿದರೆ ಬಿಸಿ. ಮಗನ ಕಡೆ ತಿರುಗಿ, "ಗೋವಿಂದಾ, ಇವತ್ತು ರಜಾ ಹಾಕು," ಎಂದಳು.

ಗಂಗಾವತಿಯ ಡಾಕ್ಟರ್ ಸುರೇಖಾ ರಂಜಿತಾಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ, "ಮುಂಜಾನಿ ಹೆಂಗಿರತೈತ್ರಿ?" ಎಂದು ಕೇಳಿದರು.

ಉತ್ತರ ಕೊಟ್ಟವಳು ಯಂಕವ್ವ. "ತಾಸು ದಾಟಿದ್ರೂ ಸಡಲಾಗಂಗಿಲ್ರಿ. ಸೆರಗಿನ ಪಿನ್ನೂ ಹಾಕ್ಕೊಳ್ಳಾಕ ಬರಂಗಿಲ್ಲ ಇಕಿಗೆ."

ಇದನ್ನೆಲ್ಲ ಅತ್ತೆ ಗಮನಿಸಿದ್ದಾಳೆಂದು ರಂಜಿತಾಳಿಗೆ ಗೊತ್ತೇ ಇರಲಿಲ್ಲ.

ಯಂಕವ್ವನ ಮೊಣಕಾಲನ್ನೂ ನೋಡಿ, ರಕ್ತ ಪರೀಕ್ಷೆ, ಎಕ್ಸ್‌ರೇ ಎಲ್ಲ ಬಂದ ಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. "ಯವ್ವಾರ, ನಿಮ್ಮ ಮೊಣಕಾಲು ಸವದಾವು. ಓಡಾಡಿದಷ್ಟು ನೋವು, ಕುಂತ್ರ ಆರಾಮ. ಇವರದು ಸಂಧಿವಾತ. ರೋಗದ ಜೋಡಿ ಬಡಿದಾಡೋ ಮೈಯಾಗಿನ ಶಕ್ತಿ ದಾರಿ ತಪ್ಪಿ ತನ್ನ ಕೀಲಿನ ಮ್ಯಾಲೇ ಬಿದ್ದೈತಿ. ಮಲಗಿ ಎದ್ರ ಬಿಗೀತಾವ, ಆಡಿಸಿದಂಗ ಸಡಲಾಗ್ತಾವ. ಹಂಗ ಬಿಟ್ರ ಕೀಲು ಕೆಡತಾವ. ಒಬ್ಬರ ಗುಳಿಗಿ ಇನ್ನೊಬ್ಬರು ನುಂಗಬ್ಯಾಡ್ರಿ."

"ಹಂಗಾರ ಇಕಿ ಮೈಗಳ್ಳಿ ಅಲ್ಲೇನ್ರಿ?" ಯಂಕವ್ವ ಕೇಳಿದಳು.

"ಅಲ್ರಿ."

"ನಮ್ಮ ಅತ್ತಿ?" ರಂಜಿತಾ ಕೇಳಿದಳು. ಡಾಕ್ಟರಿಗೆ ನಗು ತಡೆಯಲಿಲ್ಲ.

ಊರಿಗೆ ಹೋಗುವ ಬಸ್ಸಿನಲ್ಲಿ ಯಂಕವ್ವ ಸೊಸೆಯ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನಾಳಿಯಿಂದ ಮುಂಜಾನಿ ರೊಟ್ಟಿ ನಂದು. ಸಂಜೀ ಕೆಲಸ ನಿಂದು."

"ಗುಳಿಗಿ ಮೈಗೆ ಹತ್ತಾಕ ತಿಂಗಳುಗಟ್ಲೆ ಬೇಕಂತ್ರಿ."

"ಹತ್ತಲಿ. ಅವಸರ ಏನೈತಿ?"

ಹಿಂದಿನ ಸೀಟಿನಿಂದ ಗೋವಿಂದರಾಜ, "ನಾನೇನು ಮಾಡ್ಲಿ?" ಎಂದ.

"ನೀರು ತುಂಬು," ಎಂದರು ಇಬ್ಬರೂ.

ಮಳೆಗಾಲ ಮುಗಿಯುವಷ್ಟರಲ್ಲಿ ರಂಜಿತಾಳ ಬೆರಳುಗಳ ಊತ ಇಳಿಯಿತು. ಒಂದು ನಸುಕಿನಲ್ಲಿ ಅವಳು ತಾನೇ ಪಿನ್ನು ಹಾಕಿಕೊಂಡು ಅಡುಗೆಮನೆಗೆ ಬಂದು ಹಿಟ್ಟಿನ ಬುಟ್ಟಿಗೆ ಕೈ ಹಾಕಿದಳು. ಯಂಕವ್ವ ಬುಟ್ಟಿ ಬಿಟ್ಟುಕೊಡಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾತ್ರ ಮಾಡಿಕೊಟ್ಟಳು.